ಮುಮಿನೊ ಹಂಚಿದ ಹುಟ್ಟುದಿನಗಳು

ಮೂವತ್ತನಾಲ್ಕು ವರ್ಷಗಳಿಂದ ಸತ್ತಳೆಂದೇ ತಿಳಿದಿದ್ದ ಚಿಕ್ಕಮ್ಮ ಒಂದು ಮಂಗಳವಾರ ಬೆಳಗ್ಗೆ ಫೋನಿನಲ್ಲಿ ಸಿಕ್ಕಿದಾಗ ಅಂಬರೊ ಮೊದಲು ಅತ್ತಳು, ಆಮೇಲೆ ನಕ್ಕಳು, ಕೊನೆಗೆ ಎರಡನ್ನೂ ಒಟ್ಟಿಗೇ ಮಾಡತೊಡಗಿದಳು. ಸೊಮಾಲಿಯಾದ ಅಂತರ್ಯುದ್ಧದಲ್ಲಿ ಮೊಗದಿಶು ಬಿಟ್ಟು ಓಡಿದ ದಿನ ಲಾರಿ ಹತ್ತುವ ನೂಕುನುಗ್ಗಲಿನಲ್ಲಿ ಕೈತಪ್ಪಿಹೋದ ಮುಮಿನೊ ಮೊಂಬಾಸಾದಲ್ಲಿ ಬದುಕಿದ್ದಳು. ಎಂಬತ್ತಾಗಿತ್ತು, ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ.

ಮಿನಿಯಾಪೊಲಿಸ್‌ನ ಸೊಮಾಲಿ ಮಾಲ್‌ನಲ್ಲಿ ಅಂಬರೊಳ ಹೊಲಿಗೆ ಅಂಗಡಿ ಆಗಷ್ಟೇ ತೆರೆದಿತ್ತು. ಪಕ್ಕದ ಮೆಷಿನ್ನಿನಲ್ಲಿ ಗೆಳತಿ ದೆಕಾ ಕೂತಿದ್ದಳು. ಮಗಳು ಇಫ್ರಾ ವಿಡಿಯೋ ಕರೆಯಲ್ಲಿದ್ದ ಫೋನನ್ನು ದಾರದ ಉಂಡೆಗಳಿಗೆ ಒರಗಿಸಿ ನಿಲ್ಲಿಸಿದಳು.

"ಈಗ ನಿಂಗೆ ಐವತ್ತೇಳಲ್ವೇನೇ?" ಎಂದಳು ಮುಮಿನೊ.

"ಅರವತ್ತೊಂದು ಚಿಕ್ಕಮ್ಮ. ಕ್ಯಾಂಪಲ್ಲಿ ಆಫೀಸರು ಬರ್ಕೊಂಡ್ರು."

"ನಿಮ್ಮಮ್ಮನ ಹೆರಿಗೆಗೆ ಅವನು ಬಂದಿದ್ನಾ? ನಿನ್ನ ಹೊಕ್ಕುಳಬಳ್ಳಿ ಕತ್ತರಿಸಿದ್ದು ನಾನು."

ಕೀನ್ಯಾದ ನಿರಾಶ್ರಿತರ ಕ್ಯಾಂಪಿನಲ್ಲಿ ಆ ಆಫೀಸರು ಅವಳ ಬಳಲಿದ ಮುಖ ನೋಡಿ ಅಂದಾಜಿನಲ್ಲಿ ೧೯೬೪, ಜನವರಿ ಒಂದು ಎಂದು ಗೀಚಿದ್ದ. ಮಿನಿಯಾಪೊಲಿಸ್‌ನಲ್ಲಿ ಅವಳಿದ್ದ ಕಟ್ಟಡದ ಅರ್ಧ ಜನರಿಗೆ, ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ, ಅದೇ ಹುಟ್ಟುದಿನ. ವರ್ಷದ ಮೊದಲ ದಿನ ಔಷಧಿ ಅಂಗಡಿಯ ಹುಟ್ಟುಹಬ್ಬದ ಶುಭಾಶಯ ಬಂದು ಲಿಫ್ಟಿನಲ್ಲಿದ್ದವರ ಫೋನುಗಳೆಲ್ಲ ಒಟ್ಟಿಗೇ ಕಿಣಿಗುಟ್ಟುತ್ತಿದ್ದವು.

"ನೀನು ಹುಟ್ಟಿದ್ದು ರಂಜಾನ್ ಹಬ್ಬದ ಬೆಳಗ್ಗೆ," ಎಂದಳು ಮುಮಿನೊ. "ಬಾಳೆತೋಟದ ಇಟಲಿ ದೊರೆ ಗಂಟುಮೂಟೆ ಕಟ್ಟಿದ ದಿನ. ಅವನ ಪಿಯಾನೋನ ಕತ್ತೆಗಾಡಿ ಮೇಲೆ ಹೇರಿದ್ರು. ಗಾಡಿ ಕುಲುಕಿದಾಗೆಲ್ಲ ಅದು ತಾನಾಗೇ ಬಾರಿಸ್ಕೊಂಡು ಹೋಯ್ತು. ನಿಮ್ಮಮ್ಮ ನೋವಲ್ಲೂ ನಕ್ಕುಬಿಟ್ಲು, ಆ ನಗೂಗೇ ನೀನು ಹೊರಗೆ ಬಂದೆ. ನನ್ನ ಮದುವೆಯಾದ್ಮೇಲೆ ಅದೇ ಮೊದಲ್ನೇ ಹಬ್ಬ. ಮದುವೆ ಕಾಗದ ಇಲ್ಲೇ ಇದೆ, ನೋಡು."

ಕಾಗದದ ತಾರೀಖು ನೋಡಿ, ಅದಾದ ಮೇಲಿನ ರಂಜಾನ್ ಹಬ್ಬ ಯಾವತ್ತು ಬಂದಿತ್ತೆಂದು ಇಫ್ರಾ ತನ್ನ ಫೋನಿನಲ್ಲಿ ಹುಡುಕಿದಳು. ಹುಡುಕಿದವಳು ಬಾಯಿ ಮುಚ್ಚಿಕೊಂಡು ನಗತೊಡಗಿದಳು.

"ಅಮ್ಮಾ, ಸಾವಿರದ ಒಂಬೈನೂರ ಅರವತ್ತೆಂಟು. ಜನವರಿ ಒಂದು."

ವರ್ಷ ನಾಲ್ಕು ತಪ್ಪಿದರೂ ದಿನವನ್ನು ಆ ಆಫೀಸರು ಕಣ್ಣುಮುಚ್ಚಿ ಸರಿಯಾಗಿ ಬರೆದಿದ್ದ. ಅಂಬರೊ ನಕ್ಕೂ ನಕ್ಕೂ ಸ್ಟೂಲಿನಿಂದ ಜಾರಿ ಬಟ್ಟೆಯ ರಾಶಿಯ ಮೇಲೆ ಕೂತಳು. ಕೂತಲ್ಲೇ ಅವಳಿಗೆ ಇನ್ನೊಂದು ಹೊಳೆಯಿತು. ದೆಕಾಳ ಕಾಗದದಲ್ಲಿ ಹುಟ್ಟಿದ ವರ್ಷ ಅರವತ್ತಾರು ಎಂದಿತ್ತು.

"ಇಷ್ಟು ವರ್ಷ ಅಕ್ಕ, ಅಕ್ಕ ಅಂತ ನನ್ನನ್ನ ಮುದುಕಿ ಮಾಡಿದ್ಯಲ್ಲ? ಮೊಣಕಾಲು ಹೇಗಿದೆ, ದೆಕಾ ಅಕ್ಕ? ಚಹಾ ತಂದ್ಕೊಡ್ಲಾ?"

"ನಂದೂ ಅದೇ ಆಫೀಸರು ಬರೆದಿದ್ದು. ನಾನು ಎಪ್ಪತ್ತರಲ್ಲಿ ಹುಟ್ಟಿದೋಳು."

"ಹಾಗಾದ್ರೆ ನಾನು ಎಪ್ಪತ್ತೆರಡರಲ್ಲಿ."

"ಸಾಕು ನಿಲ್ಸಿ," ಎಂದಳು ಇಫ್ರಾ. "ಇನ್ನು ಸ್ವಲ್ಪ ಹೊತ್ತು ಬಿಟ್ರೆ ಇಬ್ರೂ ನನಗಿಂತ ಚಿಕ್ಕೋರಾಗ್ತೀರ."

ದೆಕಾ ನಗುತ್ತಲೇ ಕಣ್ಣೊರೆಸಿಕೊಂಡಳು. "ನಿಂಗಾದ್ರೂ ಹೇಳೋಕೆ ಚಿಕ್ಕಮ್ಮ ಸಿಕ್ಕಿದ್ರು. ನನ್ನ ಕಡೆ ಯಾರೂ ಉಳ್ದಿಲ್ಲ."

ಫೋನಿನಿಂದ ಮುಮಿನೊ ಕೂಗಿದಳು: "ಆ ಹುಡುಗಿನ ಹತ್ರ ಬರೋಕೆ ಹೇಳು. ಹಲ್ಲು ತೋರ್ಸಮ್ಮ. ಯಾವೂರು?"

"ಬೈದೋವಾ."

"ನಿಮ್ಮಮ್ಮ ಏನಾದ್ರೂ ಹೇಳ್ತಿದ್ಲಾ?"

"ನಾನು ಹುಟ್ಟಿದಾಗ ಮನೆ ತುಂಬ ಜೋಳ ಹರಡಿತ್ತಂತೆ. ನನ್ನನ್ನ ಮಲಗಿಸೋಕೂ ಜಾಗ ಇರ್ಲಿಲ್ಲವಂತೆ."

"ಹಾಗಾದ್ರೆ ಕೊಯ್ಲಾಗಿತ್ತು. ಆಗಸ್ಟ್ ಹನ್ನೆರಡು ಅಂತ ಇಟ್ಕೋ. ಗುರುವಾರ."

"ಗುರುವಾರ ಅಂತ ಹೇಗೆ ಗೊತ್ತಾಯ್ತು?"

"ಇಷ್ಟು ಬಾಯಿರೋದು ಗುರುವಾರ ಹುಟ್ಟಿದವ್ರಿಗೇ."

ದೆಕಾ ಎದ್ದು ನಿಂತು, ಭುಜದ ಮೇಲಿದ್ದ ಅಳತೆಟೇಪನ್ನು ತಲೆಯ ಮೇಲೆ ಬೀಸುತ್ತ ಅಂಗಡಿಯ ಮುಂದೆ ಒಂದು ಸುತ್ತು ಕುಣಿದಳು. ಎದುರಿನ ಹಲ್ವದ ಅಂಗಡಿಯವಳು ಏನಾಯಿತೆಂದು ಕೇಳಲು ಬಂದವಳು ಕೇಳಿಕೊಂಡು ಹೋಗದೆ ಫೋನಿನ ಮುಂದೆಯೇ ಕೂತಳು. ಅವಳದೂ ಜನವರಿ ಒಂದೇ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಸಾಲು ಮೆಟ್ಟಿಲವರೆಗೆ ಬೆಳೆದಿತ್ತು. ಮುಮಿನೊ ಒಬ್ಬಳಿಗೆ ಮಾವಿನ ಕಾಲ ಕೊಟ್ಟಳು, ಮತ್ತೊಬ್ಬಳಿಗೆ ಮೊದಲ ಮಳೆಯ ಮರುದಿನ. ಜಗಳಗಂಟಿಯೊಬ್ಬಳಿಗೆ ಬಿರುಗಾಳಿಯ ಶನಿವಾರ ಸಿಕ್ಕಿತು; ಅವಳು ಅದನ್ನು ಬದಲಾಯಿಸಿಕೊಡಿ ಎಂದು ಜಗಳ ತೆಗೆದಳು.

ದೆಕಾ ಆ ದಿನ ಮೂರು ಬಟ್ಟೆಗಳನ್ನು ತಪ್ಪಾಗಿ ಕತ್ತರಿಸಿದಳು. ಬೈಯಬೇಕಾದ ಗಿರಾಕಿಗಳೆಲ್ಲ ಹುಟ್ಟುದಿನಕ್ಕಾಗಿ ಸಾಲಿನಲ್ಲಿ ನಿಂತಿದ್ದರು.