ಸುಲಭದ ದಾರಿ

ಜನವರಿಯ ಎರಡನೆಯ ಮಂಗಳವಾರ ಬೆಳಿಗ್ಗೆ ನಾರ್ವೆಯ ದ್ವೀಪವೊಂದರ ಶಾಲೆಯಲ್ಲಿ ನೆಟ್ ಹೋಯಿತು. ದ್ವೀಪಕ್ಕೆ ಬರುವ ಕೇಬಲ್ಲಿಗೆ ಏನೋ ಆಗಿದೆ, ಮಧ್ಯಾಹ್ನದವರೆಗೆ ಆಸೆ ಇಟ್ಟುಕೊಳ್ಳಬೇಡಿ ಎಂದು ಕಚೇರಿಯಿಂದ ಹೇಳಿಕಳಿಸಿದರು. ಐದನೆಯ ತರಗತಿಯ ಇಪ್ಪತ್ತೊಂದು ಮಕ್ಕಳು ಟ್ಯಾಬ್ಲೆಟ್ ಮುಚ್ಚಿಟ್ಟು ಟೀಚರ್ ಗುನ್ವೋರಳ ಮುಖ ನೋಡಿದರು.

ಮೂವತ್ತು ವರ್ಷ ಪಾಠ ಹೇಳಿದವಳಿಗೆ ಅದೇನು ದೊಡ್ಡದಲ್ಲ. ಎದ್ದು ಹೋಗಿ ಬೋರ್ಡಿನ ಮೇಲೆ ಅರ್ಧಕ್ಕೆ ಮೂರರಲ್ಲೊಂದು ಕೂಡಿಸುವ ಲೆಕ್ಕ ಬರೆದಳು. ಮೊದಲು ಕರೆದದ್ದು ಔಸ್ತೇಯಾಳನ್ನು. ಲಿಥುವೇನಿಯಾದಿಂದ ಬಂದು ಒಂದೂವರೆ ವರ್ಷವಾಗಿದ್ದ ಹುಡುಗಿ. ಟ್ಯಾಬ್ಲೆಟ್ಟಿನ ಗಣಿತದ ಆ್ಯಪಿನಲ್ಲಿ ಇಡೀ ತರಗತಿಗೇ ಹೆಚ್ಚು ನಕ್ಷತ್ರ ಗಳಿಸಿದವಳು. ಪಟ್ಟಿಯಲ್ಲಿ ಅವಳ ಹೆಸರು ಯಾವಾಗಲೂ ಮೇಲೆಯೇ ಇರುತ್ತಿತ್ತು.

ಔಸ್ತೇಯಾ ಬೋರ್ಡಿನ ಹತ್ತಿರ ಹೋದಳು, ಪೆನ್ನು ಹಿಡಿದಳು, ನಿಂತಳು. ನಿಂತೇ ಇದ್ದಳು.

"ಎರಡು ಅಂಕಿ ಮಧ್ಯೆ ಈ ಗೆರೆ ಯಾಕಿದೆ?" ಎಂದು ಮೆಲ್ಲಗೆ ಕೇಳಿದಳು.

ಹಿಂದಿನ ಬೆಂಚಿನಿಂದ ಎಸ್ಪೆನ್, "ಆರುನೂರು ನಕ್ಷತ್ರ ಇದೆ, ಅರ್ಧ ಅಂದ್ರೇನು ಗೊತ್ತಿಲ್ಲ" ಎಂದ. ಅರ್ಧ ತರಗತಿ ನಕ್ಕಿತು. ಗುನ್ವೋರ್ ಗದರಿಸಿ ನಗು ನಿಲ್ಲಿಸಿದಳು. ಆದರೆ ಅಷ್ಟರಲ್ಲಿ ಔಸ್ತೇಯಾ ಪೆನ್ನನ್ನು ಅದರ ಜಾಗದಲ್ಲಿಟ್ಟು ತನ್ನ ಕುರ್ಚಿಗೆ ಹೋಗಿ ಕೂತಾಗಿತ್ತು. ಅಳಲಿಲ್ಲ. ಊಟದ ಹೊತ್ತಿನಲ್ಲಿ ಕಂದು ಚೀಸಿನ ಬ್ರೆಡ್ಡನ್ನು ಡಬ್ಬಿಯಿಂದ ತೆಗೆಯಲೂ ಇಲ್ಲ.

ನೆಟ್ ಬಂದದ್ದು ಒಂದೂವರೆಗೆ. ಮಕ್ಕಳೆಲ್ಲ ಹೋದಮೇಲೆ ಗುನ್ವೋರ್ ಔಸ್ತೇಯಾಳ ಪುಟ ತೆರೆದಳು. ಎಲ್ಲಾ ಹಸಿರು, ಎಲ್ಲಾ ಸರಿ. ಕೂಡುವುದು, ಕಳೆಯುವುದು, ಹತ್ತರೊಳಗಿನ ಮಗ್ಗಿ. ಮತ್ತೆ ಕೂಡುವುದು, ಕಳೆಯುವುದು. ಅದರಾಚೆ ಒಂದು ಅಧ್ಯಾಯವೂ ತೆರೆದಿರಲಿಲ್ಲ. ಇದು ಹೇಗೆ ಎಂದು ಹುಡುಕುತ್ತ ಹೋದವಳಿಗೆ ಕೊನೆಗೆ ಎರಡು ಚೌಕಗಳು ಸಿಕ್ಕವು. ಒಂದು 'ಸುಲಭ ಭಾಷೆ'. ಅದರ ಪಕ್ಕದಲ್ಲೇ ಇನ್ನೊಂದು, 'ಸುಲಭ ದಾರಿ', ಅಂದರೆ ಚಿಕ್ಕ ತರಗತಿಯ ಲೆಕ್ಕಗಳಷ್ಟೇ. ಎರಡರಲ್ಲೂ ಗುರುತು ಇತ್ತು. ಕೆಳಗೆ ಗುರುತು ಹಾಕಿದವರ ಹೆಸರು: ಗುನ್ವೋರ್. ದಿನಾಂಕ ಒಂದೂವರೆ ವರ್ಷ ಹಿಂದಿನ ಆಗಸ್ಟಿನದು.

ಆಗ ಎಲ್ಲ ನೆನಪಾಯಿತು. ಹುಡುಗಿಗೆ ನಾರ್ವೆಯ ಭಾಷೆಯ ಒಂದು ಮಾತೂ ಬರುತ್ತಿರಲಿಲ್ಲ. ಪ್ರಶ್ನೆ ಓದಲಾಗದೆ ತಪ್ಪು ಮಾಡಿ ಧೈರ್ಯ ಕೆಡುವುದು ಬೇಡ, ಮೂರು ವಾರ ಹೀಗಿರಲಿ ಎಂದುಕೊಂಡು ಎರಡನ್ನೂ ಒತ್ತಿದ್ದಳು. ಮೂರು ವಾರವಾದ ಮೇಲೆ ಮರೆತಿದ್ದಳು. ಹಸಿರು ಬಣ್ಣ ಕಾಣಿಸುತ್ತಿರುವಾಗ ಯಾರು ತಾನೇ ಒಳಗೆ ಹೋಗಿ ನೋಡುತ್ತಾರೆ? ಕೆಂಪು ಬಂದ ಮಕ್ಕಳೇ ಏಳೆಂಟು ಜನ ಇದ್ದರು.

ಸುಲಭ ದಾರಿಯ ಗುರುತು ತೆಗೆದಳು. ಇನ್ನೊಂದು ಮಾತೂ ನೆನಪಿಗೆ ಬಂದಿತ್ತು.

ಮರುದಿನ ಅವಳು ಮುಖ್ಯೋಪಾಧ್ಯಾಯ ಐವಿಂದನಿಗೆ ಎಲ್ಲ ಹೇಳಿದಳು. ಐವಿಂದ್ ಕೆಟ್ಟವನಲ್ಲ. ಕಾಫಿ ಬಗ್ಗಿಸಿ ಕೊಟ್ಟ, ಕಣ್ಣು ಉಜ್ಜಿಕೊಂಡ.

"ತಾಯಿಗೆ ಹೇಳಲೇಬೇಕು, ಅದು ಸರಿ. ಆದ್ರೆ ಹೇಗೆ ಹೇಳ್ತೀಯ ಅನ್ನೋದಿದೆ. ಆ್ಯಪಿನ ಸೆಟ್ಟಿಂಗಲ್ಲಿ ಏನೋ ತೊಡಕಾಗಿತ್ತು, ಈಗ ಸರಿ ಮಾಡಿದೀವಿ ಅನ್ನು. ಸುಳ್ಳೇನಲ್ಲವಲ್ಲ."

"ತೊಡಕಲ್ಲ ಐವಿಂದ್, ನಾನು."

"ಒಬ್ಬಳೇ ಇಪ್ಪತ್ತೊಂದು ಮಕ್ಕಳಿಗೆ ಇಪ್ಪತ್ತೊಂದು ದಾರಿ ನೋಡಿಕೋ ಅಂದವರು ಯಾರು? ನಾವೇ ತಾನೇ. ಎಲ್ಲಾ ನಿನ್ನ ತಲೆ ಮೇಲೆ ಹೊತ್ಕೋಬೇಡ."

ಔಸ್ತೇಯಾಳ ತಾಯಿ ರಾಸಾ ಸಾಲ್ಮನ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಗುರುವಾರ ಮೂರು ಗಂಟೆಗೆ ಬಂದಳು. ಹೊರಗೆ ಆಗಲೇ ಕತ್ತಲು. ಮೈಗೆಲ್ಲ ಸೋಪು ಹಚ್ಚಿ ತೊಳೆದು ಬಂದಿದ್ದರೂ ಕೋಟಿನಲ್ಲಿ ಮೀನಿನ ವಾಸನೆ ಉಳಿದಿತ್ತು. ಅದಕ್ಕೋ ಏನೋ ಕುರ್ಚಿಯನ್ನು ಸ್ವಲ್ಪ ದೂರ ಎಳೆದುಕೊಂಡು ಕೂತಳು. ಗುನ್ವೋರ್ ಐವಿಂದ್ ಹೇಳಿಕೊಟ್ಟ ಮಾತಿನಿಂದಲೇ ಶುರು ಮಾಡಿದಳು.

"ಔಸ್ತೇಯಾಳ ಟ್ಯಾಬ್ಲೆಟ್ಟಲ್ಲಿ, ಸೆಟ್ಟಿಂಗಲ್ಲಿ..." ಎಂದು ಎರಡು ಮಾತು ಆಡಿದಳು. ರಾಸಾ ತಲೆಯಾಡಿಸುತ್ತ ಕೇಳುತ್ತಿದ್ದಳು, ಒಂದು ಪದವೂ ತಪ್ಪಿಹೋಗಬಾರದು ಎನ್ನುವವಳ ಹಾಗೆ. ಆ ತಲೆಯಾಟ ನೋಡಿ ಗುನ್ವೋರಳ ನಾಲಿಗೆ ಮುಂದೆ ಹೋಗಲಿಲ್ಲ.

"ಇಲ್ಲ. ನಾನು ಮಾಡಿದ್ದು. ಮೂರು ವಾರಕ್ಕೆ ಅಂತ ಗುರುತು ಹಾಕಿದೆ, ತೆಗೆಯೋದು ಮರೆತೆ. ಒಂದೂವರೆ ವರ್ಷ ನಿಮ್ಮ ಮಗಳು ಏನೂ ಹೊಸದು ಕಲಿತಿಲ್ಲ."

ರಾಸಾ ತನಗೆ ಬರುವ ನಾರ್ವೆಯ ಭಾಷೆಯಲ್ಲಿ, ಒಂದೊಂದೇ ಪದ ಹುಡುಕಿ ಹೇಳಿದಳು: "ನಾನು ಕೇಳಿದ್ದೆ. ಹೋದ ಅಕ್ಟೋಬರಿನ ಮೀಟಿಂಗಲ್ಲಿ. ಇದು ತುಂಬಾ ಚಿಕ್ಕದಲ್ವಾ, ನಮ್ಮೂರಲ್ಲಿ ಇದನ್ನೆಲ್ಲ ಆಗಲೇ ಮಾಡಿದ್ಲು ಅಂದಿದ್ದೆ."

"ಹೌದು."

"ನೀವು ನಕ್ಕಿರಿ. ಚಿಂತೆ ಮಾಡಬೇಡಿ, ಪ್ರತಿ ಮಗುವಿಗೂ ಯಾವ ದಾರಿ ಬೇಕು ಅಂತ ಆ್ಯಪಿಗೇ ಗೊತ್ತು ಅಂದಿರಿ."

ಗುನ್ವೋರಳನ್ನು ಎರಡು ದಿನದಿಂದ ನಿದ್ದೆಗೆಡಿಸಿದ್ದು ಆ ಮಾತೇ.

"ಪ್ರತಿ ಶುಕ್ರವಾರ ಅವಳು ನಕ್ಷತ್ರ ಎಷ್ಟಾಯ್ತು ಹೇಳೋಳು," ಎಂದಳು ರಾಸಾ. "ನಾನು ಪ್ಯಾನ್‌ಕೇಕ್ ಹುಯ್ದು ಜಾಮ್ ಹಾಕಿ ಕೊಡ್ತಿದ್ದೆ. ಊರಲ್ಲಿ ನನ್ನಮ್ಮನಿಗೆ ಫೋನ್ ಮಾಡಿ, ನಿನ್ನ ಮೊಮ್ಮಗಳು ಇಲ್ಲೂ ಮೊದಲನೆಯವಳು ಅಂತಿದ್ದೆ." ಎದ್ದು ಕೋಟಿನ ಗುಂಡಿ ಹಾಕಿಕೊಂಡಳು. "ನೀವು ನಿಜ ಹೇಳಿದಿರಿ, ಆಯ್ತು. ಆದ್ರೆ ಈಗ ನಾನು ಮನೆಗೆ ಹೋಗಿ ಅವಳಿಗೆ ಹೇಳಬೇಕಲ್ಲ."

ಸೋಮವಾರದಿಂದ ವಾರಕ್ಕೆ ಮೂರು ದಿನ ಶಾಲೆ ಬಿಟ್ಟಮೇಲೆ ಗುನ್ವೋರಳೇ ಕೂತು ಕಲಿಸುವುದು ಎಂದಾಯಿತು. ಔಸ್ತೇಯಾ ಬಂದಳು, ಕೂತಳು, ಬಾಯಿ ಬಿಡಲಿಲ್ಲ. ಗುನ್ವೋರ್ ಸೇಬನ್ನು ಕತ್ತರಿಸಿ ಅರ್ಧ, ಕಾಲು ತೋರಿಸಿದಳು. ಹುಡುಗಿ ಕಿಟಕಿಯ ಕಡೆ ನೋಡುತ್ತಿದ್ದಳು. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ಗುನ್ವೋರ್, "ನನ್ನ ಮೇಲೆ ಕೋಪ ಇದ್ರೆ ಹೇಳು" ಎಂದಳು.

"ಎಸ್ಪೆನ್ ನನ್ನ ಅರ್ಧಮ್ಮ ಅಂತಾನೆ. ಎಲ್ಲರೂ ನಾನು ದಡ್ಡಿ ಅನ್ಕೊಂಡಿದಾರೆ," ಎಂದಳು ಔಸ್ತೇಯಾ. "ದಡ್ಡಿ ನಾನಲ್ಲ ಅಂತ ನೀವು ಎಲ್ಲರ ಮುಂದೆ ಹೇಳಿ. ಆಮೇಲೆ ಕಲೀತೀನಿ."

ಕೇಳಿದ್ದು ನ್ಯಾಯವೇ ಆಗಿತ್ತು. ಮರುದಿನ ಬೆಳಿಗ್ಗೆ ಗುನ್ವೋರ್ ಹಾಜರಿ ಮುಗಿಸಿ ಮೇಜಿನ ಮುಂದೆ ಬಂದು ನಿಂತು ಹೇಳಿದಳು. ಔಸ್ತೇಯಾಳದು ಏನೂ ತಪ್ಪಿಲ್ಲ, ಅವಳ ಕೈಗೆ ಕೊಟ್ಟದ್ದನ್ನೆಲ್ಲ ಅವಳು ಸರಿಯಾಗಿಯೇ ಮಾಡಿದ್ದಾಳೆ, ಒಂದು ಚೌಕದಲ್ಲಿ ತಾನು ಸುಮ್ಮನೆ ಗುರುತು ಹಾಕಿ ಬಿಟ್ಟುಬಿಟ್ಟದ್ದರಿಂದ ಅವಳಿಗೆ ಸುಲಭದ ಲೆಕ್ಕಗಳೇ ಬರುತ್ತಿದ್ದವು. ತಪ್ಪು ತನ್ನದು. ಎಸ್ಪೆನ್ ಕಿವಿ ಕೆಂಪಗೆ ಮಾಡಿಕೊಂಡು ಮೇಜು ನೋಡಿದ. ಔಸ್ತೇಯಾಳ ಭುಜ ಅಂದು ಮೊದಲ ಬಾರಿಗೆ ಸ್ವಲ್ಪ ಸಡಿಲಾಯಿತು.

ಆಗ ಕಿಟಕಿಯ ಪಕ್ಕದ ಟೀರಿಲ್ ಕೈ ಎತ್ತಿದಳು.

ಟೀರಿಲಳಿಗೆ ಅಕ್ಷರಗಳು ಹಿಡಿತಕ್ಕೆ ಸಿಗುತ್ತಿರಲಿಲ್ಲ. ಸಾಲು ಓದುವಷ್ಟರಲ್ಲಿ ಪದಗಳು ಒಂದರ ಮೇಲೊಂದು ಬೀಳುತ್ತಿದ್ದವು. ಮೂರನೆಯ ತರಗತಿಯವರೆಗೆ ಬೆಳಿಗ್ಗೆ ಹೊಟ್ಟೆನೋವು ಎಂದು ಅಳುತ್ತ ಬರುತ್ತಿದ್ದವಳು ಅವಳು. ಟ್ಯಾಬ್ಲೆಟ್ ಬಂದಮೇಲೆ ಹೆಡ್‌ಫೋನ್ ಹಾಕಿಕೊಂಡು ಪ್ರಶ್ನೆಯನ್ನು ಕೇಳಿಸಿಕೊಂಡು ಉತ್ತರಿಸುತ್ತಿದ್ದಳು. ಹೊಟ್ಟೆನೋವು ನಿಂತಿತ್ತು.

"ಗುನ್ವೋರ್, ನನ್ನದರಲ್ಲೂ ಆ ಗುರುತು ಇದೆಯಾ?"

ಇತ್ತು. ಅದು ಮರೆತು ಉಳಿದದ್ದಲ್ಲ. ತಾಯಿ ತಂದೆ, ಓದುವ ತೊಂದರೆಯ ತಜ್ಞೆ ಎಲ್ಲರೂ ಕೂತು ತೀರ್ಮಾನಿಸಿ ಹಾಕಿದ್ದು. ಟೀರಿಲಳಿಗೆ ಮಾತ್ರ ಹೇಳಿರಲಿಲ್ಲ, ಮಗುವಿನ ಮನಸ್ಸಿಗೆ ಯಾಕೆ ನೋವು ಎಂದು. "ಅದನ್ನ ಆಮೇಲೆ ಮಾತಾಡೋಣ" ಎಂದಳು ಗುನ್ವೋರ್. ಇಪ್ಪತ್ತೊಂದು ಮಕ್ಕಳಿಗೂ ಉತ್ತರ ಸಿಕ್ಕಿಹೋಯಿತು. ಟೀರಿಲ್ ಕೈಯನ್ನು ನಿಧಾನವಾಗಿ ಇಳಿಸಿದಳು. ಆ ಇಡೀ ದಿನ ಹೆಡ್‌ಫೋನ್ ಮುಟ್ಟಲಿಲ್ಲ. ಮುಂದಿನ ವಾರವೂ ಮುಟ್ಟಲಿಲ್ಲ.

"ಒಬ್ಬಳ ಗಾಯಕ್ಕೆ ಔಷಧ ಹಾಕೋಕೆ ಹೋಗಿ ಇನ್ನೊಬ್ಬಳನ್ನ ಗಾಯ ಮಾಡಿದೆ," ಎಂದು ಐವಿಂದನ ಕೋಣೆಯಲ್ಲಿ ಗುನ್ವೋರ್ ಹೇಳಿದಳು. "ಮೊದಲೇ ಯೋಚಿಸಬೇಕಿತ್ತು."

"ನಾನು ಹೇಳಿದ್ನಲ್ಲ" ಎನ್ನಲು ಬಾಯಿ ತೆರೆದವನು ಅವಳ ಮುಖ ನೋಡಿ ಮತ್ತೆ ಕಾಫಿ ಬಗ್ಗಿಸಿದ.

ಫೆಬ್ರವರಿಯೆಲ್ಲ ಹೀಗೇ ಕಳೆಯಿತು. ಔಸ್ತೇಯಾ ಕೊಟ್ಟ ಮಾತಿಗೆ ತಪ್ಪಲಿಲ್ಲ. ಹಸಿದವಳ ಹಾಗೆ ಕಲಿತಳು. ಕಾಲು, ಮುಕ್ಕಾಲು, ದಶಮಾಂಶ ಎಲ್ಲ ಸರಸರನೆ ಬಂತು. ಆದರೆ ತಾನು ಬರೆದದ್ದು ಸರಿ ಎಂದರೆ ನಂಬುತ್ತಿರಲಿಲ್ಲ. ಪ್ರತಿ ಉತ್ತರಕ್ಕೂ ತಲೆಯೆತ್ತಿ, "ನಿಜವಾಗ್ಲೂ? ಇದು ಐದನೇ ಕ್ಲಾಸಿಂದೇನಾ?" ಎಂದು ಕೇಳುತ್ತಿದ್ದಳು. ಪುಸ್ತಕದ ರಟ್ಟಿನ ಮೇಲಿನ ತರಗತಿಯ ಅಂಕಿಯನ್ನು ಗುನ್ವೋರ್ ತೋರಿಸಿದ ಮೇಲೆಯೇ ಮುಂದಿನ ಲೆಕ್ಕ.

ಟೀರಿಲಳ ಮನೆಯವರು, ಅವಳು ಹಟ ಹಿಡಿದಳೆಂದು, ಗುರುತುಗಳನ್ನೆಲ್ಲ ತೆಗೆಸಿದರು. ಎಲ್ಲರಿಗೂ ಬರುವ ಲೆಕ್ಕಗಳೇ ಅವಳಿಗೂ ಬಂದಾಗ ಹತ್ತಕ್ಕೆ ಎರಡು ಅಂಕ ಬಂತು, ಇನ್ನೊಮ್ಮೆ ಒಂದು. ಮತ್ತೆ ಬೆಳಗಿನ ಹೊಟ್ಟೆನೋವು ಶುರುವಾಗಿದೆ ಎಂದು ತಂದೆ ಫೋನ್ ಮಾಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

ಮಾರ್ಚಿನ ಒಂದು ಶುಕ್ರವಾರ ಗುನ್ವೋರ್ ಟೀರಿಲಳನ್ನು ಒಬ್ಬಳನ್ನೇ ಕೂರಿಸಿಕೊಂಡಳು. ಟೀಚರುಗಳಷ್ಟೇ ನೋಡುವ ಪುಟವನ್ನೇ ತೆರೆದು ಪರದೆಯನ್ನು ಹುಡುಗಿಯ ಕಡೆ ತಿರುಗಿಸಿ, ಎಲ್ಲ ಚೌಕಗಳನ್ನು ತೋರಿಸಿದಳು. ಇದು ಓದಿ ಹೇಳುವುದು, ಇದು ಅಕ್ಷರ ದೊಡ್ಡದು ಮಾಡುವುದು, ಇದು ಸುಲಭ ದಾರಿ. ಹಾಗೆ ತೋರಿಸಲು ಯಾರ ಅನುಮತಿಯನ್ನೂ ಕೇಳಿರಲಿಲ್ಲ.

"ನಾನು ದಡ್ಡಿನಾ?" ಎಂದಳು ಟೀರಿಲ್.

"ಅಲ್ಲ. ನಿನಗೆ ಓದೋದು ಕಷ್ಟ. ಓದೋದ್ರಲ್ಲೇ ಶಕ್ತಿ ಎಲ್ಲ ಮುಗಿದುಹೋಗುತ್ತೆ, ಲೆಕ್ಕಕ್ಕೆ ಉಳಿಯಲ್ಲ. ಇದನ್ನ ಎರಡು ವರ್ಷದ ಹಿಂದೆಯೇ ನಿನಗೆ ಹೇಳಬೇಕಿತ್ತು. ಹೇಳಲಿಲ್ಲ."

ಟೀರಿಲ್ ಓದಿ ಹೇಳುವ ಚೌಕದಲ್ಲಿ ತಾನೇ ಗುರುತು ಹಾಕಿದಳು. ಸುಲಭ ದಾರಿಯ ಮೇಲೆ ಬೆರಳು ನಿಲ್ಲಿಸಿ, ಹಿಂದಕ್ಕೆ ತೆಗೆದುಕೊಂಡಳು.

"ಇದು ಈಗ ಬೇಡ. ಬೇಕಾದ್ರೆ ಹೇಳ್ತೀನಿ."

ಸೋಮವಾರ ಹತ್ತಕ್ಕೆ ನಾಲ್ಕು ಬಂತು. ಹೆಡ್‌ಫೋನ್ ಹಾಕಿಕೊಂಡದ್ದಕ್ಕೆ ಯಾರೋ ಏನೋ ಅಂದರು. ಟೀರಿಲ್ ಅದನ್ನು ತೆಗೆದಿಟ್ಟಳು, ಹತ್ತು ನಿಮಿಷವಾದ ಮೇಲೆ ಮತ್ತೆ ಹಾಕಿಕೊಂಡಳು. ಗುನ್ವೋರ್ ಆ ಮಧ್ಯಾಹ್ನ ಉಳಿದ ಹತ್ತೊಂಬತ್ತು ಮಕ್ಕಳ ಪುಟಗಳನ್ನು ಒಂದೊಂದಾಗಿ ತೆರೆಯತೊಡಗಿದಳು. ಏಳನೆಯದು ಎಸ್ಪೆನ್‌ನದು. ಅಲ್ಲೂ 'ಸುಲಭ ದಾರಿ'ಯ ಗುರುತು, ಕೆಳಗೆ ತನ್ನದೇ ಹೆಸರು ಕಂಡು, ಓದುವ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿ, ಅವನ ತಾಯಿಗೆ ಫೋನ್ ಮಾಡಿದಳು.