ಪ್ರಯಾಗಬಾಯಿ ಬಿಲಾಯತಿಗೆ ಹೋದದ್ದು

ದೇವಣಿಯ ಆಸುಪಾಸಿನ ಹಳ್ಳಿಗಳಲ್ಲಿ ಸೊಸೆಯನ್ನು ಹೊಗಳುವ ಅತ್ತೆಯರು ಆಗಲೂ ಹೆಚ್ಚಿರಲಿಲ್ಲ. ಸರುಬಾಯಿ ಅಂಥವಳೊಬ್ಬಳು. ಅದೂ ವಿಧವೆ ಸೊಸೆಯನ್ನು. ಬಾವಿಕಟ್ಟೆಯ ಮೇಲೆ ಯಾರಾದರೂ ಪ್ರಯಾಗಬಾಯಿಯ ಹೆಸರೆತ್ತಿದರೆ ಸಾಕು, ಕೊಡವನ್ನು ಕೆಳಗಿಟ್ಟು ಮಾತಿಗೆ ನಿಲ್ಲುತ್ತಿದ್ದಳು.

ಪ್ರಯಾಗಬಾಯಿ ಉಮರ್ಗಾದ ಹುಡುಗಿ. ಸರುಬಾಯಿಯ ಹಿರಿಯ ಮಗ ವೀರಭದ್ರನ ಕೈಹಿಡಿದು ಬಂದಾಗ ಅವಳಿಗೆ ಇನ್ನೂ ಸೀರೆಯ ನಿರಿಗೆ ನಿಲ್ಲುತ್ತಿರಲಿಲ್ಲ. ಮರುವರ್ಷವೇ ರಜಾಕಾರರ ಗದ್ದಲ ಎದ್ದಿತು. ಊರಿನ ಅರ್ಧ ಜನ ಗಾಡಿ ಕಟ್ಟಿಕೊಂಡು ನಿಜಾಮನ ಗಡಿ ದಾಟಿ ಸೊಲ್ಲಾಪುರದ ಕಡೆಯ ಶಿಬಿರಕ್ಕೆ ಹೋದರು. ಸರುಬಾಯಿಯ ಗಂಡ ಮನ್ಮಥಪ್ಪನೂ ಹೆಂಡತಿ, ಇಬ್ಬರು ಗಂಡುಮಕ್ಕಳು ಮತ್ತು ಸೊಸೆಯನ್ನು ಕರೆದುಕೊಂಡು ಹೊರಟ. ಆ ಶಿಬಿರದಲ್ಲಿಯೇ ವೀರಭದ್ರ ಜ್ವರ ಬಂದು ತೀರಿಕೊಂಡ. ಗುಂಡಿಗೂ ಕತ್ತಿಗೂ ಸಿಗದೆ ತಪ್ಪಿಸಿಕೊಂಡು ಬಂದವನು ಕೆಟ್ಟ ನೀರಿಗೆ ಸತ್ತ ಎಂದು ಮನ್ಮಥಪ್ಪ ಎದೆ ಬಡಿದುಕೊಂಡ.

ಅಂದಿನಿಂದ ಹುಡುಗಿ ಮಾತು ಬಿಟ್ಟಳು. ಕರೆದರೆ ಬರುವಳು, ಹೇಳಿದ್ದು ಮಾಡುವಳು, ಬಾಯಿ ಮಾತ್ರ ತೆರೆಯಳು. ಸರುಬಾಯಿಗೆ ತನ್ನ ಮಗನ ದುಃಖಕ್ಕಿಂತ ಈ ಮೌನವೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಶಿಬಿರದಲ್ಲಿ ಕಾಂತಾಬಾಯಿ ಎಂಬ ಸೇವಾದಳದ ಹೆಣ್ಣುಮಗಳು ಬೇವಿನ ಗಿಡದ ಕೆಳಗೆ ಹುಡುಗಿಯರನ್ನು ಕೂಡಿಸಿ ಅಕ್ಷರ ಕಲಿಸುತ್ತಿದ್ದಳು. ಸರುಬಾಯಿ ಸೊಸೆಯನ್ನು ಕೈಹಿಡಿದು ಒಯ್ದು ಅಲ್ಲಿ ಕೂಡಿಸಿದಳು. ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದಾಗ ಬೇವಿನ ಗಿಡದ ಕಡೆಯಿಂದ ಯಾರೋ ಗಟ್ಟಿಯಾಗಿ, ತಡೆಯಿಲ್ಲದೆ ಪಾಠ ಓದುವ ದನಿ ಕೇಳಿತು. ಎದ್ದು ಹೋಗಿ ನೋಡಿದರೆ ಪ್ರಯಾಗಾ! ಸರುಬಾಯಿ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

ಪೊಲೀಸ್ ಆ್ಯಕ್ಷನ್ ಆಗಿ ಎಲ್ಲರೂ ಊರಿಗೆ ಮರಳಿದ ಮೇಲೆ ಅವಳು ಗಂಡನ ಮುಂದೆ ಮಾತು ತೆಗೆದಳು.

"ಆಕಿನ್ನ ಉದಗೀರದಾಗ ಸಾಲಿಗಿ ಹಾಕೋಣು. ನಮ್ಮಕ್ಕನ ಮನ್ಯಾಗ ಇರ್ತಾಳ."

"ರಂಡಮುಂಡಿ ಹುಡುಗಿನ್ನ ಸಾಲಿಗಿ ಕಳಿಸಿದ್ರ ಮಂದಿ ಏನಂತಾರ?" ಎಂದ ಮನ್ಮಥಪ್ಪ. ಕೆಟ್ಟವನಲ್ಲ, ಹೆದರಿದವನು.

"ಮಂದಿ ನನ್ನ ಮಗನ್ನ ತಿರುಗಿ ತಂದು ಕೊಡ್ತಾರೇನು? ಕೊಟ್ರ ಅವರ ಮಾತು ಕೇಳೋಣು."

ಮನ್ಮಥಪ್ಪ ಮರುವಾರ ತಾನೇ ಗಾಡಿ ಹೂಡಿ ಸೊಸೆಯನ್ನು ಉದಗೀರಕ್ಕೆ ಬಿಟ್ಟು ಬಂದ.

ಆಮೇಲೆ ಆ ಹುಡುಗಿ ಹಿಂತಿರುಗಿ ನೋಡಲಿಲ್ಲ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ಸಾಲೆಯಲ್ಲಿ ಮೊದಲು ಉರ್ದು, ಆಮೇಲೆ ಇಂಗ್ಲಿಷು. ಯಾವ ಭಾಷೆ ಎದುರು ಬಂದರೂ ಅವಳು ಅಂಜಲಿಲ್ಲ. ವರ್ಷಕ್ಕೆ ಎರಡೆರಡು ಇಯತ್ತೆ ಮುಗಿಸಿದಳು. ಹೆಡ್‌ಮಾಸ್ತರಿಣಿ ಸುಮಿತ್ರಾಬಾಯಿ, "ಈ ಹುಡುಗೀನ್ನ ಇಲ್ಲೇ ನಿಲ್ಲಿಸಬ್ಯಾಡ್ರಿ" ಎಂದು ತಾನೇ ಹೈದರಾಬಾದಿಗೆ ಕರೆದೊಯ್ದು ಹೆಣ್ಣುಮಕ್ಕಳ ಕಾಲೇಜಿಗೆ ಸೇರಿಸಿದಳು. ಪ್ರಯಾಗಬಾಯಿ ಸಸ್ಯಶಾಸ್ತ್ರ ಆರಿಸಿಕೊಂಡು ಬಿ.ಎಸ್ಸಿ.ಯಲ್ಲಿ ಮೊದಲ ವರ್ಗದಲ್ಲಿ ಪಾಸಾದಳು. ರಜೆಗೆ ಬಂದರೆ ಮಾವನ ಹಿಂದೆ ಹೊಲಕ್ಕೆ ಹೋಗಿ, ಕಾಡಿಗೆ ರೋಗ ಹತ್ತಿ ಕರ್ರಗಾದ ಜೋಳದ ತೆನೆಗಳನ್ನು ಮುರಿದು ತಂದು ಪಡಸಾಲೆಯಲ್ಲಿ ಹರವಿಕೊಂಡು ಕೂಡುವಳು. ಮೈದುನ ಮಾಣಿಕಪ್ಪ ನಗುತ್ತಿದ್ದ: "ವೈನಿ, ಎಲ್ಲಾರೂ ಚಲೋ ತೆನಿ ಮನಿಗಿ ತರ್ತಾರ, ನೀವು ಕೆಟ್ಟಿದ್ದೇ ತರ್ತೀರಿ!"

"ಕೆಟ್ಟಿದ್ದು ಯಾಕ ಕೆಡ್ತು ಅಂತ ತಿಳೀಲಿಕ್ಕೇ ಬೇಕಲ್ಲಪಾ" ಎನ್ನುತ್ತಿದ್ದಳು ಅವಳು.

ಅಷ್ಟರಲ್ಲಿ ಹೈದರಾಬಾದ್ ಸಂಸ್ಥಾನ ಒಡೆದು ಮೂರು ಪಾಲಾಯಿತು. ಬೀದರ ಮೈಸೂರಿಗೆ ಹೋಯಿತು, ಉದಗೀರ ನಿಲಂಗಾ ಮುಂಬಯಿ ರಾಜ್ಯಕ್ಕೆ ಬಂದವು. ಅದಾದ ಎರಡನೆಯ ಸುಗ್ಗಿಯ ಹೊತ್ತಿಗೆ ಸರ್ಕಾರದ ಒಂದು ಸುದ್ದಿಯನ್ನು ಸುಮಿತ್ರಾಬಾಯಿ ಪತ್ರಿಕೆಯಲ್ಲಿ ಓದಿ ಹೇಳಿಕಳಿಸಿದಳು. ಬೆಳೆಗಳ ರೋಗದ ಬಗ್ಗೆ ಮೇಲಿನ ಓದಿಗೆ ಒಬ್ಬರನ್ನು ಬಿಲಾಯತಿಗೆ ಕಳಿಸುತ್ತಾರೆ, ಹಡಗಿನ ಖರ್ಚಿನಿಂದ ಹಿಡಿದು ಊಟ ವಸತಿಯವರೆಗೆ ಎಲ್ಲವೂ ಸರ್ಕಾರದ್ದೇ. ಪ್ರಯಾಗಬಾಯಿ ಅರ್ಜಿ ಹಾಕಿದಳು. ಮುಂಬಯಿಗೆ ಮುಲಾಖತಿಗೆ ಬರಬೇಕೆಂದು ಕರೆ ಬಂತು.

ಅದೇ ವಾರ ಉಮರ್ಗಾದಿಂದ ಅವಳ ಅಣ್ಣ ವಿಶ್ವನಾಥಪ್ಪ ಬಂದ. ಅವನು ಬೇರೆಯೇ ಸುದ್ದಿ ತಂದಿದ್ದ. ಅಲ್ಲಿಯ ಸಾಲೆಯ ಮಾಸ್ತರ ಒಬ್ಬರು, ಹೆಂಡತಿ ತೀರಿಕೊಂಡವರು, ಒಳ್ಳೆಯ ಮನೆತನ. ವಿಧವೆಯಾದ ಪ್ರಯಾಗಾಳನ್ನು ಉಡಿಕಿ ಮದುವೆ ಮಾಡಿಕೊಳ್ಳಲು ಒಪ್ಪಿದ್ದಾರೆ.

"ಅತ್ತೀರಿ, ನೀವು ಓದಿಸಿದ್ದು ಭಾಳ ಆತು. ನಿಮ್ಮ ಉಪಕಾರ ಮರೆಯಂಗಿಲ್ಲ" ಎಂದ ಅವನು ಸರುಬಾಯಿಗೆ. "ಆದ್ರ ಸಮುದ್ರದಾಚಿ ಒಬ್ಬಾಕಿನ್ನೇ ಕಳಿಸೋದು ಅಂದ್ರ ಹ್ಯಾಂಗ? ನಾಳಿಗಿ ಏನಾರ ಆದ್ರ? ಆಕಿಗೂ ಒಂದು ಮನಿ ಮಾರು ಬ್ಯಾಡೇನ್ರಿ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ತಂಗಿಯ ಮೇಲಿನ ಮಮತೆ ಅವನ ಕಣ್ಣಲ್ಲಿ ಕಾಣುತ್ತಿತ್ತು. ಸರುಬಾಯಿ ತನ್ನೊಳಗೇ ಲೆಕ್ಕ ಹಾಕಿದಳು. ಉಡಿಕಿಯಾದರೂ ಹೋಗುತ್ತಾಳೆ, ಬಿಲಾಯತಿಯಾದರೂ ಹೋಗುತ್ತಾಳೆ. ಎರಡರಲ್ಲೂ ಮನೆ ಬರಿದು. ವೀರಭದ್ರನ ಗುರುತು ಅಂತ ಉಳಿದದ್ದು ಇವಳೊಬ್ಬಳೇ. ಎರಡೂ ಬೇಡ, ಇಲ್ಲೇ ಇರು ಎಂದು ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು.

"ಆಕೀಗೇ ಕೇಳಪಾ" ಎಂದಳು.

ಪ್ರಯಾಗಬಾಯಿ ಅಣ್ಣನ ಮುಂದೆ ಚರಿಗೆ ನೀರಿಟ್ಟು ನಿಂತಳು. "ಅಣ್ಣಾ, ಮಾಸ್ತರು ಚಲೋ ಮನಶ್ಯಾ ಇರಬೇಕು. ನಾ ಹಳಿಯಂಗಿಲ್ಲ. ಆದ್ರ ನನಗ ಈಗ ಓದಬೇಕಾಗ್ಯದ. ಮುಂಬಯಿಗಿ ನೀ ಬರ್ತೀಯೇನು ನನ್ನ ಜೋಡಿ?"

ವಿಶ್ವನಾಥಪ್ಪ ತಲೆ ತಗ್ಗಿಸಿದ. "ನಾ ಬರಂಗಿಲ್ಲವ್ವಾ. ನನ್ನ ಕೈಲೇ ನಿನ್ನ ಅಲ್ಲಿ ದೂಡೋದು ನನಗ ಆಗಂಗಿಲ್ಲ."

ಮನ್ಮಥಪ್ಪ ಕಣದಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದ. ಮಾಣಿಕಪ್ಪ ರಾಶಿ ಬಿಟ್ಟು ಏಳುವಂತಿರಲಿಲ್ಲ. ಕಡೆಗೆ ಸರುಬಾಯಿ, "ನಾ ಹೋಗ್ತೀನಿ ತಗೋ" ಎಂದಾಗ ಮನೆಯವರೆಲ್ಲ ಅವಳ ಮುಖ ನೋಡಿದರು. ಉದಗೀರದ ಬಜಾರ ಬಿಟ್ಟರೆ ಶಿಬಿರ, ಶಿಬಿರ ಬಿಟ್ಟರೆ ತವರು. ಅದರಾಚೆ ಅವಳು ಏನನ್ನೂ ಕಂಡವಳಲ್ಲ.

ಉದಗೀರದಲ್ಲಿ ರೈಲು ಹತ್ತಿ, ಪರಳಿ, ಪರಭಣಿ, ಮನಮಾಡ ಎಂದು ಗಾಡಿ ಬದಲಿಸುತ್ತ ಅತ್ತೆ ಸೊಸೆ ಹೊರಟರು. ಸರುಬಾಯಿ ಗಾಡಿಯಲ್ಲೇ ತಂಬಿಗೆ ನೀರಿನಲ್ಲಿ ಕೈತೊಳೆದು ಲಿಂಗಪೂಜೆ ಮಾಡಿಕೊಂಡಳು, ಕಟಕ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಸೊಸೆಯ ಕೈಗಿತ್ತಳು. ಪ್ರಯಾಗಬಾಯಿ ಪುಸ್ತಕದಿಂದ ಕಣ್ಣು ತೆಗೆಯದೆ ತಿಂದಳು. ಘಾಟಿನ ಸುರಂಗದ ಕತ್ತಲಲ್ಲಿ ಮಾತ್ರ ಪುಸ್ತಕ ಮುಚ್ಚಿ ಅತ್ತೆಯ ಕೈ ಹಿಡಿದಳು. ಹೆದರಿದ್ದು ಯಾರು, ಧೈರ್ಯ ಕೊಟ್ಟಿದ್ದು ಯಾರು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಮುಂಬಯಿಯ ಆ ಕಚೇರಿ ಉದಗೀರದ ಕಿಲ್ಲೆಗಿಂತ ಎತ್ತರವಿತ್ತು. ಮೇಲಿನ ಮಜಲಿನ ಉದ್ದನೆಯ ಪಡಸಾಲೆಯಲ್ಲಿ ಕೋಟು ತೊಟ್ಟ ತರುಣರು ಸಾಲಾಗಿ ಕೂತಿದ್ದರು. ಹೆಣ್ಣುಮಗಳೆಂದರೆ ಪ್ರಯಾಗಬಾಯಿ ಒಬ್ಬಳೇ, ಬಿಳಿ ಸೀರೆ, ಬರಿಗೈ. ಅವಳ ಹೆಸರು ಕೂಗಿದಾಗ ಎದ್ದು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಒಳಗೆ ನಡೆದದ್ದನ್ನು ಪ್ರಯಾಗಬಾಯಿ ಆಮೇಲೆ ಹೇಳಿದಳು. ಐವರು ಕೂತಿದ್ದರಂತೆ. ಒಬ್ಬರು ಮರಾಠಿಯಲ್ಲಿ ಕೇಳಿದರು. ಇವಳ ಗಡಿಸೀಮೆಯ ಮರಾಠಿ ಕೇಳಿ ಇನ್ನೊಬ್ಬರು ತುಟಿಯಲ್ಲೇ ನಕ್ಕರು. ಇವಳು ಬೇಜಾರು ಮಾಡಿಕೊಳ್ಳದೆ, ಇಂಗ್ಲಿಷಿನಲ್ಲಿ ಹೇಳಲೇ ಎಂದು ಕೇಳಿ, ನೆಟ್ಟಗೆ ಉತ್ತರ ಕೊಡುತ್ತ ಹೋದಳು. ಜೋಳದ ಕಾಡಿಗೆ ರೋಗದ ಮಾತು ಬಂದಾಗ ತನ್ನ ಮಾವನ ಹೊಲದಲ್ಲಿ ಕಂಡದ್ದನ್ನೂ ಹೇಳಿದಳು. ಎಲ್ಲ ಸುಸೂತ್ರವಾಗಿ ಮುಗಿಯಿತು.

ಹೊರಗೆ ಬಂದಾಗ ಅವಳ ಮುಖದಲ್ಲಿ ನಗು ಇತ್ತು. "ನಡೀರಿ ಅತ್ತಿ" ಎಂದಳು. ಇಬ್ಬರೂ ಮೆಟ್ಟಿಲಿನವರೆಗೆ ಬಂದರು. ಅಲ್ಲಿ ಪ್ರಯಾಗಬಾಯಿ ಗಕ್ಕನೆ ನಿಂತಳು.

"ಏನಾತವ್ವಾ?"

"ಅತ್ತಿ, ನಾ ಒಂದು ತಪ್ಪು ಹೇಳಿ ಬಂದೀನಿ."

"ಅವರು ತಪ್ಪು ಅಂದ್ರೇನು?"

"ಅನಲಿಲ್ಲ. ಯಾರಿಗೂ ಗೊತ್ತಾಗಿಲ್ಲ ಅಂತ ಕಾಣ್ತದ. ಆದ್ರ ತಪ್ಪು ತಪ್ಪೇ ಅಲ್ಲೇನ್ರಿ?"

ತಿರುಗಿ ಬಾಗಿಲಿಗೆ ಹೋದಳು. ಜವಾನ ಅಡ್ಡ ನಿಂತ. ಒಬ್ಬರನ್ನು ಎರಡು ಸಲ ಬಿಡುವ ಪದ್ಧತಿ ಇಲ್ಲ, ಮುಂದಿನವರ ಸರದಿ ಎಂದ. ಮುಂದಿನ ಸರದಿಯ ತರುಣನೂ ಎದ್ದು ಟೈ ಸರಿಮಾಡಿಕೊಳ್ಳುತ್ತಿದ್ದ. ಪ್ರಯಾಗಬಾಯಿ ಅವನ ಕಡೆ ತಿರುಗಿ ಕೈಮುಗಿದು ಏನೋ ಇಂಗ್ಲಿಷಿನಲ್ಲಿ ಬೇಡಿಕೊಂಡಳು. ಅವನು ಅವಳನ್ನೇ ನೋಡಿ, ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಸರುಬಾಯಿ ತನಗೆ ಬರುವಷ್ಟು ಮರಾಠಿಯಲ್ಲಿ ಜವಾನನಿಗೆ, "ಬಿಡೋ ನನ್ನಪ್ಪಾ, ಆಕಿದು ಒಂದು ಮಾತು ಉಳಿದದ" ಎಂದು ಅಂಗಲಾಚಿದಳು. ಜವಾನ ಗೊಣಗುತ್ತ ಬಾಗಿಲು ತೆರೆದ.

ಅರ್ಧ ತೆರೆದ ಬಾಗಿಲಿನಿಂದ ಸೊಸೆಯ ಬೆನ್ನು ಕಾಣುತ್ತಿತ್ತು. ದನಿ ಕೇಳುತ್ತಿತ್ತು, ಭಾಷೆ ತಿಳಿಯುತ್ತಿರಲಿಲ್ಲ. ಆಮೇಲೆ ಸೊಸೆ ಬಿಡಿಸಿ ಹೇಳಿದ ವಿಷಯ ಇಷ್ಟು: ಕಾಳಿಗೆ ಹತ್ತುವ ಕಾಡಿಗೆ ಬೀಜದಿಂದ ಬರುತ್ತದೆ, ಬಿತ್ತುವ ಮೊದಲು ಬೀಜಕ್ಕೆ ಗಂಧಕ ಹಚ್ಚಿದರೆ ನಿಲ್ಲುತ್ತದೆ. ಇಡೀ ತೆನೆಯನ್ನೇ ನುಂಗುವ ಕಾಡಿಗೆ ಬೇರೆ. ಅದು ಮಣ್ಣಿನಲ್ಲಿ ಕೂತಿರುತ್ತದೆ, ಗಂಧಕಕ್ಕೆ ಬಗ್ಗುವುದಿಲ್ಲ. ಗಡಿಬಿಡಿಯಲ್ಲಿ ಅವಳು ಎರಡಕ್ಕೂ ಒಂದೇ ಮದ್ದು ಹೇಳಿಬಿಟ್ಟಿದ್ದಳು. ಈಗ ಅದನ್ನು ತಿದ್ದಿ, "ಅಂಕ ಕಡಿಮೆ ಮಾಡಿದರೂ ನಡೆದೀತು. ರೈತರಿಗೆ ಹೀಗೆ ತಪ್ಪು ಹೇಳಿದ್ದರೆ ಒಂದು ವರ್ಷದ ಬೆಳೆ ಹೋಗುತ್ತಿತ್ತು" ಎಂದಳು.

ನಡುವೆ ಕೂತಿದ್ದ ನರೆಗೂದಲಿನ ಹಿರಿಯರು, ಜೊತೆಗೆ ಬಂದವರು ಯಾರು ಎಂದು ಕೇಳಿದರು. ಜವಾನ ಬಂದು ಸರುಬಾಯಿಯನ್ನು ಒಳಗೆ ಕರೆದ.

ಅವಳು ಸೆರಗು ಹೊದ್ದು ಒಳಗೆ ಹೋಗಿ ಕೈಮುಗಿದಳು.

ಹಿರಿಯರು ಸಾವಕಾಶ ಮರಾಠಿಯಲ್ಲಿ ಹೇಳಿದರು: "ಬಾಯಿ, ಹಿಂದೆ ಒಬ್ಬ ಹುಡುಗಿಯನ್ನು ಆರಿಸಿದ್ದೆವು. ಹಡಗು ಹತ್ತುವ ದಿನ ಮನೆಯವರು ತಡೆದರು. ಆ ಜಾಗ ಹಾಳಾಯಿತು. ಅದಕ್ಕೇ ಮೊದಲೇ ಕೇಳುತ್ತಿದ್ದೇನೆ. ಇವಳು ಹೋಗಲು ನಿಮ್ಮ ಒಪ್ಪಿಗೆ ಇದೆಯೇ?"

ಸರುಬಾಯಿ ಸೊಸೆಯ ಕಡೆ ನೋಡಿದಳು. ಒಂದು 'ಇಲ್ಲ' ಅಂದರೆ ಸಾಕಿತ್ತು. ಮಗನನ್ನು ಮಣ್ಣು ಮಾಡಿ ಬಂದ ಮನೆಯಲ್ಲಿ ಈ ದನಿ ಉಳಿಯುತ್ತಿತ್ತು. ಪ್ರಯಾಗಬಾಯಿ ಅತ್ತೆಯ ಮುಖ ನೋಡಲಿಲ್ಲ. ಬೇಡಿಕೊಳ್ಳಲೂ ಇಲ್ಲ, ಕಣ್ಣೀರು ತರಲೂ ಇಲ್ಲ. ಕಿಟಕಿಯ ಕಡೆ ನೋಡುತ್ತ ಸುಮ್ಮನೆ ನಿಂತಿದ್ದಳು. ಒಂದು ನೋಟದಿಂದಲೂ ತನ್ನನ್ನು ಕಟ್ಟಿಹಾಕಬಾರದೆಂದೇ ಈ ಹುಡುಗಿ ಮುಖ ತಿರುಗಿಸಿದ್ದಾಳೆ ಎಂದು ಸರುಬಾಯಿಗೆ ತಿಳಿಯಿತು. ಕೈಗೆ ಬಂದದ್ದನ್ನು ಒಂದು ತಪ್ಪು ಮಾತಿನ ಸಲುವಾಗಿ ಈಗಷ್ಟೇ ಪಣಕ್ಕಿಟ್ಟವಳು, ಈಗ ಅದನ್ನು ಅತ್ತೆಯ ಬಾಯಿಗೇ ಬಿಟ್ಟು ನಿಂತಿದ್ದಾಳೆ! ಇಂಥವಳನ್ನು ಹಿಡಿದು ಇಟ್ಟುಕೊಳ್ಳಲು ತನ್ನ ಮನೆ ಸಣ್ಣದಾಯಿತು ಎನಿಸಿತು ಅವಳಿಗೆ.

"ಅದರೀ ಸಾಹೇಬ್ರ. ನನ್ನ ಒಪ್ಪಿಗಿ ಅದ" ಎಂದಳು. ಆಮೇಲೆ ತಡೆಯಲಾರದೆ, "ಅಲ್ಲಿ ಥಂಡಿ ಭಾಳ ಇರ್ತದೇನ್ರಿ?" ಎಂದು ಕೇಳಿದಳು.

ಹಿರಿಯರು ನಕ್ಕರು. ಆ ನಗೆಯಲ್ಲಿ ಕುಹಕವಿರಲಿಲ್ಲ. "ಇರುತ್ತದೆ ಬಾಯಿ. ಉಣ್ಣೆಯ ಬಟ್ಟೆ ಹೊಲಿಸಿ ಕೊಡಿ" ಎಂದರು.

ಮಳೆ ಹಿಡಿಯುವ ಮೊದಲು ಸುದ್ದಿ ಬಂತು. ಸುಮಿತ್ರಾಬಾಯಿ ಉದಗೀರದಿಂದ ತಾನೇ ಬಸ್ಸಿನಲ್ಲಿ ದೇವಣಿಗೆ ಬಂದು, ಅಲ್ಲಿಂದ ಸಿಕ್ಕ ಗಾಡಿ ಹತ್ತಿ, ಅಂಗಳದಿಂದಲೇ ಕೂಗಿದಳು: "ಸರುಬಾಯಿ, ನಿಮ್ಮ ಸೊಸಿ ಗೆದ್ಲು! ಇಡೀ ರಾಜ್ಯಕ್ಕ ಒಬ್ಬಾಕಿ!" ಮನ್ಮಥಪ್ಪ ಕುಂಟುತ್ತ ಹೊರಗೆ ಬಂದು ಸೊಸೆಯ ತಲೆಯ ಮೇಲೆ ಕೈಯಿಟ್ಟ. ಊರಿನ ಮಂದಿ, ಹಿಂದೆ ಬಾಯಿಗೆ ಬಂದದ್ದು ಆಡಿದವರೂ, ಪಡಸಾಲೆ ತುಂಬ ಕೂತು ಸಕ್ಕರೆ ಹಾಕಿದ ಚಹಾ ಕುಡಿದರು. ನಿಲಂಗಾದ ಸಿಂಪಿಗನ ಹತ್ತಿರ ಉಣ್ಣೆಯ ಕೋಟು ಹೊಲಿಯಲು ಹಾಕಿದರು. ಅವನು ಹೆಣ್ಣುಮಕ್ಕಳ ಕೋಟು ಹೊಲಿದವನೇ ಅಲ್ಲ, ಗಂಡಸರ ಕೋಟಿನ ತೋಳು ಮೋಟು ಮಾಡಿ ಕೊಟ್ಟ.

ಮುಂಬಯಿಯ ಬಂದರಿಗೆ ವಿಶ್ವನಾಥಪ್ಪ ತಾನೇ ತಂಗಿಯನ್ನು ಕರೆದೊಯ್ದ. ಆಗದು ಅಂದವನೇ ಅವಳ ಟ್ರಂಕನ್ನು ಹೆಗಲ ಮೇಲೆ ಹೊತ್ತು ನಡೆದ. ತಿರುಗಿ ಬಂದು ಸರುಬಾಯಿಯ ಮುಂದೆ ಕೂತು, "ಅತ್ತೀರಿ, ಹಡಗು ಕಾಣದಂಗ ಆಗೋತನಾ ಆಕಿ ಕೈ ಬೀಸ್ಲತ್ತಿದ್ಲು. ಅಳಲಿಲ್ರಿ. ನಾನೇ ಅತ್ತೆ" ಎಂದ.

ಎರಡು ವರ್ಷದ ಮೇಲೆ ಪ್ರಯಾಗಬಾಯಿ ಎಂ.ಎಸ್ಸಿ. ಮುಗಿಸಿ ಮರಳಿದಾಗ ರಾಜ್ಯದ ಹೆಸರು ಮತ್ತೊಮ್ಮೆ ಬದಲಾಗಿತ್ತು. ಮಹಾರಾಷ್ಟ್ರವಾಗಿ ತಿಂಗಳಾಗಿತ್ತು. ಉಮರ್ಗಾದ ಆ ಮಾಸ್ತರಿಗೆ ಬೇರೆ ಮದುವೆಯಾಗಿ ಒಂದು ಕೂಸೂ ಆಗಿತ್ತು. ಕೇಳಿ ಅವಳು, "ಚಲೋ ಆತು ಬಿಡ್ರಿ" ಎಂದು ಮನಸಾರೆ ನಕ್ಕಳು.

ಪರಭಣಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ನೌಕರಿ ಸಿಕ್ಕಿತು. ಬಿಡಾರ ಹೂಡಿ ಕೊಡಲು ಸರುಬಾಯಿಯೂ ಜೊತೆಗೆ ಹೋದಳು. ಒಂದು ಮುಂಜಾನೆ ಸುತ್ತಲಿನ ಹಳ್ಳಿಗಳ ರೈತರು ಕಾಡಿಗೆ ಹತ್ತಿದ ತೆನೆಗಳನ್ನು ಹಿಡಿದು ಬಿಡಾರದ ಪಡಸಾಲೆಯಲ್ಲಿ ಕಾದು ಕೂತಿದ್ದರು. ಪ್ರಯಾಗಬಾಯಿ ಬರುತ್ತಲೇ ಎಲ್ಲರೂ ಎದ್ದು ನಿಂತರು. ಅವಳು ಅವರನ್ನು ಕೂಡಿಸಿ, ತಾನೂ ನೆಲಕ್ಕೆ ಕೂತು, ಒಂದು ತೆನೆಯನ್ನು ಬೆಳಕಿಗೆ ಹಿಡಿದು ಮಾತಿಗೆ ತೊಡಗಿದಳು. ಸರುಬಾಯಿ ಒಲೆಯ ಮೇಲೆ ಅಷ್ಟೂ ಜನಕ್ಕೆ ಚಹಾಕ್ಕೆ ನೀರಿಟ್ಟಳು.