ನಾನು ಕಟ್ಟಿದ ಗುಂಡಿ

ಮೂರು ದಿನ, ನಾಲ್ಕು ಸ್ಕೇಟ್‌ಪಾರ್ಕು, ಒಂದು ವ್ಯಾನು, ನಾಲ್ಕು ಜನ. ನಾಲ್ವರಲ್ಲಿ ಮೂವರಿಗೆ ಸ್ಕೇಟ್‌ಬೋರ್ಡಿನ ಮೇಲೆ ನೆಟ್ಟಗೆ ನಿಲ್ಲಲು ಬರುವುದಿಲ್ಲ. ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ, ಇವರಿಗೆ ಮೂವತ್ತೈದಕ್ಕೇ ಶುರುವಾಗಿತ್ತು.

ವ್ಯಾನು ಕನ್ನಡಕದಂಗಡಿ ಇಟ್ಟಿರುವ ಗೆಳೆಯನದು. ದಿನವಿಡೀ ಊರವರ ಕಣ್ಣು ಪರೀಕ್ಷಿಸುವ ಈ ಮಹಾಶಯನಿಗೆ ಮೂಗಿನ ಮುಂದಿನ ರಸ್ತೆಯುಬ್ಬು ಕಾಣುವುದಿಲ್ಲ. ಎರಡನೆಯವನು ಡೈರೆಕ್ಟರ್. ವಿಮಾ ಕಚೇರಿಯಲ್ಲಿ ಗುಮಾಸ್ತನಾದರೂ ಸದಾ ಮೊಬೈಲು ಎತ್ತಿ ಹಿಡಿದು ಎಲ್ಲವನ್ನೂ ಚಿತ್ರ ತೆಗೆಯುತ್ತಾನೆಂದು ನಾವೇ ಇಟ್ಟ ಹೆಸರು. ಅವನು ಒಂದು ನಿಮಿಷ ಬೋರ್ಡು ಓಡಿಸಿದರೆ ಅದನ್ನು ಒಂದು ಗಂಟೆ ಕೂತು ನೋಡುತ್ತಾನೆ. ಮೂರನೆಯವನು ನನ್ನ ಹೆಂಡತಿಯ ತಮ್ಮ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವನು. ಬೋರ್ಡು ಹತ್ತುವ ಮೊದಲು ಜಾಕೆಟ್ಟು ಕಳಚಿ, ತೋಳುಗಳನ್ನು ಒಳಗೆ ಮಡಿಚಿ, ಅಂಗಡಿಯ ಕಪಾಟಿನಲ್ಲಿಡುವವನ ಹಾಗೆ ಬೆಂಚಿನ ಮೇಲಿಡುತ್ತಾನೆ. ಎರಡು ವರ್ಷದಿಂದ ಕಲಿಯುತ್ತಿದ್ದಾನೆ. ಕಲಿತದ್ದು ಮಡಿಚುವುದನ್ನು ಮಾತ್ರ ಎಂದು ನಾನು ಅವನೆದುರಿಗೇ ಹೇಳುತ್ತಿದ್ದೆ. ಅವನು ನಗುತ್ತಿದ್ದ. ನನ್ನ ಮಾತೆಂದರೆ ಅವನಿಗೆ ಶಾಸನ.

ಅದಕ್ಕೆ ಕಾರಣವೂ ಇತ್ತು. ನಾನು ಕಾಂಕ್ರೀಟಿನವನು. ಹನ್ನೆರಡು ವರ್ಷದಿಂದ ಸ್ಕೇಟ್‌ಪಾರ್ಕುಗಳ ನೆಲ, ಇಳಿಜಾರು, ಬಾಣಲೆಯಂತೆ ಸುತ್ತಲೂ ಏರುವ ಗುಂಡಿ, ಇವನ್ನೇ ಮಾಡುತ್ತ ಬಂದಿದ್ದೇನೆ. ಹಾಗಾಗಿ ನಮ್ಮಲ್ಲೊಂದು ಕಟ್ಟಳೆ ಬೆಳೆದಿತ್ತು. ಯಾವ ಪಾರ್ಕಿಗೆ ಹೋದರೂ ಮೊದಲು ನಾನು ಸುತ್ತಿ ಬರಬೇಕು, ಬೋರ್ಡಿನ ತುದಿಯಿಂದ ಅಲ್ಲಲ್ಲಿ ಕುಟ್ಟಿ ನೋಡಬೇಕು, ಆಮೇಲೆ ಮೊದಲು ಇಳಿಯಬೇಕು. ನಾನು ಇಳಿದು ಮೇಲೆ ಬರುವ ತನಕ ಉಳಿದವರು ಕಾಯುತ್ತಾರೆ.

ಮೊದಲ ಪಾರ್ಕು ಬಸ್ ಡಿಪೋದ ಹಿಂದಿತ್ತು. ನೆಲದ ತುಂಬ ತಗ್ಗು, ತಗ್ಗಿನ ತುಂಬ ನೀರು.

"ಇದನ್ನ ಮಾಡಿದವನು ಮೊದಲು ಕೆರೆ ಕಟ್ತಿದ್ದ ಅನ್ಸುತ್ತೆ," ಎಂದೆ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದ ಕನ್ನಡಕದವನು.

"ಡೊಂಕಿದ್ರೆ ಡೊಂಕು ಅಂತ್ಲೇ ಹೇಳ್ಬೇಕು ಕಣೋ. ನೀನು ಕಿವಿ ಮೇಲೆ ಕನ್ನಡಕ ಸರಿಯಾಗಿ ಕೂರ್ಸು ಸಾಕು."

ಎರಡನೆಯದು ಹಳೆಯ ಗೋದಾಮಿನೊಳಗಿತ್ತು. ಪೂರಾ ಪ್ಲೈವುಡ್ಡು. ಹೆಜ್ಜೆಗೊಂದು ಸ್ಕ್ರೂ ತಲೆ ಎತ್ತಿ ನಿಂತಿತ್ತು. ಅಲ್ಲಿನ ಮೇಲ್ವಿಚಾರಕನಿಗೆ ಹಾಗೆಂದು ಹೇಳಿದರೆ ಅವನು ನನಗೇ ಸ್ಕ್ರೂಡ್ರೈವರ್ ಕೊಡಲು ಬಂದ. ಇಂಥವರ ಹತ್ತಿರ ಏನು ಮಾತು ಎಂದು ಹೊರಟುಬಂದೆ. ಡೈರೆಕ್ಟರ್ ಅದನ್ನೂ ಚಿತ್ರ ತೆಗೆದುಕೊಂಡ.

ಮೂರನೆಯದು ದೊಡ್ಡದು, ಹೊಸದು, ಸುತ್ತ ಹುಲ್ಲುಹಾಸು, ಕೂರಲು ಕಲ್ಲಿನ ಮೆಟ್ಟಿಲು. ನನ್ನ ಭಾವಮೈದ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅವನ ಕೈ ಹಿಡಿದು ಇಳಿಜಾರಿನ ಒಂದು ಕಡೆಗೆ ಕರೆದುಕೊಂಡು ಹೋದೆ.

"ಇಲ್ಲಿ ನೋಡು. ಬಣ್ಣ ಸ್ವಲ್ಪ ತೆಳು ಇದೆಯಲ್ಲ? ಕುಟ್ಟು. ಟೊಳ್ಳು ಸದ್ದು ಬರ್ತಿದೆಯಾ? ಒಳಗೆ ಕೆಟ್ಟಿದೆ, ಮೇಲೆ ತೆಳ್ಳಗೆ ಸಿಮೆಂಟು ಸವರಿ ಮುಚ್ಚಿದ್ದಾರೆ. ತಿಪ್ಪೆ ಸಾರ್ಸೋದು ಅಂದ್ರೆ ಇದೇ. ಇವತ್ತಲ್ಲ ನಾಳೆ ಚಕ್ಕೆ ಏಳುತ್ತೆ, ಚಕ್ರ ಸಿಕ್ಕಿಕೊಳ್ಳುತ್ತೆ, ಯಾರದೋ ಮೂಳೆ ಮುರಿಯುತ್ತೆ. ಮಾಡಿದವನು ಮನೇಲಿ ಆರಾಮಾಗಿ ಮಲಗಿರ್ತಾನೆ."

"ಅಂಥೋರಿಗೆ ಏನು ಮಾಡ್ಬೇಕು ಭಾವ?"

"ಅದೇ ಗುಂಡೀಲಿ ಹಾಕಿ ಮುಚ್ಬೇಕು."

ಅವನು ಜೇಬಿನಿಂದ ಲಾಂಡ್ರಿಯ ಚೀಟಿಯೊಂದನ್ನು ತೆಗೆದು ಹಿಂಬದಿಯಲ್ಲಿ ಬರೆದುಕೊಂಡ. ಬಣ್ಣ ತೆಳು, ಟೊಳ್ಳು ಸದ್ದು. ಪರೀಕ್ಷೆಗೆ ಓದುವ ಹುಡುಗಿಯ ಹಾಗೆ ಎರಡಕ್ಕೂ ಅಡಿಗೆರೆ ಎಳೆದ. ಇಷ್ಟು ಸಣ್ಣ ವಿಷಯಕ್ಕೂ ಚೀಟಿ ಬೇಕಾದ ತಲೆಯನ್ನು ನೋಡಿ ನನಗೆ ಕನಿಕರ ಕೂಡ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ವ್ಯಾನು ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದಾಗಲೇ ಎಲ್ಲಿಗೆ ಹೊರಟಿದ್ದೇವೆಂದು ನನಗೆ ಗೊತ್ತಾಯಿತು. ನಾಲ್ಕನೆಯದು ಯಾವುದೆಂದು ಅವರು ನನಗೆ ಹೇಳಿರಲಿಲ್ಲ. ಅದು ನಾನು ಕಟ್ಟಿದ ಪಾರ್ಕು. ಬೇರೆಯವರ ಕೈಕೆಳಗಲ್ಲ, ನಾನೇ ವಹಿಸಿಕೊಂಡು ಮಾಡಿದ ಮೊದಲ ಕೆಲಸ.

"ಹೇಗಿದೆ ನಮ್ಮ ಪ್ಲಾನು?" ಎಂದ ಕನ್ನಡಕದವನು. "ಕಟ್ಟಿ ವರ್ಷ ಆಯ್ತು, ಒಂದು ಸಲಾನಾದ್ರೂ ಕರ್ಕೊಂಡು ಬಂದ್ಯಾ?"

ಕರೆದುಕೊಂಡು ಬರದಿರಲು ಕಾರಣವಿತ್ತು. ಆಳದ ಗುಂಡಿಗೆ ಕಾಂಕ್ರೀಟು ಹಾಕಿದ ದಿನ ಎರಡನೆಯ ಲಾರಿ ಎರಡು ಗಂಟೆ ತಡವಾಗಿ ಬಂತು. ಅಷ್ಟರಲ್ಲಿ ಕೆಳಗಿನ ಅರ್ಧ ಬಿಗಿದುಹೋಗಿತ್ತು. ಮೇಲಿನ ಅರ್ಧ ಅದರ ಜೊತೆ ಕೂಡಲಿಲ್ಲ, ಕೂಡುವ ಕಡೆ ಬೆರಳು ದಪ್ಪದ ಮೆಟ್ಟಿಲು ಉಳಿಯಿತು. ಅದನ್ನು ಒಡೆದು ಮತ್ತೆ ಹಾಕಬೇಕು, ಬೇರೆ ದಾರಿಯಿಲ್ಲ. ಒಡೆದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ನಾನು ಒಡೆಯಲಿಲ್ಲ. ತೆಳ್ಳಗೆ ಸಿಮೆಂಟು ಸವರಿ, ಉಜ್ಜಿ ಉಜ್ಜಿ ನುಣುಪು ಮಾಡಿದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ಎಲೆಯ ನೊಣ ತೋರಿಸುವವರಿರುತ್ತಾರಲ್ಲ, ಎರಡು ದಿನದಿಂದ ನಾನು ಮಾಡುತ್ತಿದ್ದದ್ದು ಅದನ್ನೇ. ಸವರಿದ ಜಾಗ ಬೋರ್ಡು ಹತ್ತಿ ಇಳಿಯಲು ಮಾಡಿದ ಕಟ್ಟೆಯ ನೇರ ಕೆಳಗಿತ್ತು. ಗುಂಡಿಗೆ ಇಳಿಯುವವರೆಲ್ಲ ಅದರ ಮೇಲೆಯೇ ಹೋಗಬೇಕು.

ಗುಂಡಿಯೊಳಗೆ ನಡೆದುಕೊಂಡು ಹೋಗಿ ನೋಡಿದೆ. ಸವರಿದ್ದು ಇನ್ನೂ ಕಚ್ಚಿಕೊಂಡಿತ್ತು, ಆದರೆ ಅಂಚಿನಲ್ಲಿ ಕೂದಲೆಳೆಯ ಬಿರುಕು ಕಾಣುತ್ತಿತ್ತು. ಕುಟ್ಟಿ ನೋಡಲಿಲ್ಲ. ಸದ್ದು ಹೇಗೆ ಬರುತ್ತದೆಂದು ನನಗೆ ಗೊತ್ತಿತ್ತು.

"ಏನಪ್ಪಾ, ನಿನ್ನ ಕೆಲಸಕ್ಕೆ ಪರೀಕ್ಷೆ ಇಲ್ವಾ?" ಎಂದು ಡೈರೆಕ್ಟರ್ ಮೊಬೈಲು ಎತ್ತಿದ. "ಸರಿ, ಮೊದಲು ಇಳಿ."

ಎರಡು ದಿನ ಕಂಡವರನ್ನೆಲ್ಲ ಕಾಲಕಸ ಮಾಡಿದ ಬಾಯಿಯಿಂದ ಈಗ ಒಂದೇ ಮಾತು ಬರಬೇಕಿತ್ತು. ಇಲ್ಲಿ ಇಳಿಯಬೇಡಿ, ಇದು ಕೆಟ್ಟಿದೆ. ಕನ್ನಡಕದವನು ಅದನ್ನು ಸಾಯುವ ತನಕ ಆಡಿಕೊಳ್ಳುತ್ತಿದ್ದ. ಡೈರೆಕ್ಟರ್ ಸಂಜೆಯೊಳಗೆ ಊರಿಗೆಲ್ಲ ತೋರಿಸುತ್ತಿದ್ದ.

"ಪಾದ ಯಾಕೋ ಉಳುಕಿದೆ," ಎಂದೆ. "ಇವತ್ತು ನಾನು ಇಳಿಯಲ್ಲ."

"ಹಾಗಾದ್ರೆ ನಾನು ಇಳೀತೀನಿ," ಎಂದ ಭಾವಮೈದ. "ಭಾವ ಕಟ್ಟಿದ್ದು. ಮನೆಯವರೇ ಮೊದಲು ಇಳಿಯೋದು ಚೆಂದ."

ಜಾಕೆಟ್ಟು ಮಡಿಚಿಟ್ಟು ಕಟ್ಟೆಯ ಅಂಚಿಗೆ ಬಂದ. ಬೋರ್ಡಿನ ಹಿಂಬದಿಯನ್ನು ಕಾಲಲ್ಲಿ ಒತ್ತಿ ನಿಂತ. ನಿಂತೇ ಇದ್ದ. ಕೆಳಗೆ ನೋಡಿದ, ನನ್ನ ಕಡೆ ನೋಡಿದ. ಮತ್ತೆ ಕೆಳಗೆ ನೋಡಿದ, ಮತ್ತೆ ನನ್ನ ಕಡೆ.

"ಅಳ್ತಾನೆ ನೋಡು ಈಗ," ಎಂದು ಡೈರೆಕ್ಟರ್ ನಕ್ಕ.

ನಾನೂ ನಕ್ಕೆ. ಹೆದರಿದ್ದಾನೆ, ಈಗ ಹಿಂದೆ ಸರಿಯುತ್ತಾನೆ, ಎಲ್ಲ ತಾನಾಗಿ ಬಗೆಹರಿಯುತ್ತದೆ ಎಂದುಕೊಂಡೆ. ಅವನ ಪುಕ್ಕಲುತನವನ್ನು ನಂಬಿಕೊಂಡು ನಾನು ಸುಮ್ಮನೆ ನಿಂತೆ.

ಅವನು ಇಳಿದ.

ಸವರಿದ ಜಾಗಕ್ಕೆ ಚಕ್ರ ತಾಗಿದ್ದೇ ತಡ, ಬೋರ್ಡು ಅಲ್ಲೇ ನಿಂತಿತು, ಅವನು ನಿಲ್ಲಲಿಲ್ಲ. ಬಲಗೈ ಊರಿಕೊಂಡು ಬಿದ್ದ. ಒಣ ಕಡ್ಡಿ ಮುರಿದ ಸದ್ದು ಮೇಲಿದ್ದ ನಮಗೂ ಕೇಳಿಸಿತು. ಎಲ್ಲರಿಗಿಂತ ಮೊದಲು ಓಡಿದವನು ನಾನು. ನನ್ನ ಪಾದ ಉಳುಕಿದೆ ಎಂಬುದು ಯಾರಿಗೂ ನೆನಪಾಗಲಿಲ್ಲ. ಚಕ್ರದ ಕೆಳಗೆ ಅಂಗೈಯಗಲದ ಸಿಮೆಂಟು ಚಕ್ಕೆ ಎದ್ದು ಬಿದ್ದಿತ್ತು. ಅವನು ತಲೆ ಎತ್ತುವ ಮೊದಲು ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ, ಎದ್ದ ಜಾಗವನ್ನು ಮೊಣಕಾಲಿನಿಂದ ಮುಚ್ಚಿ ಕೂತೆ. ನಾನು ಜೀವಮಾನದಲ್ಲಿ ಅಷ್ಟು ಚುರುಕಾಗಿ ಮಾಡಿದ ಕೆಲಸ ಇನ್ನೊಂದಿಲ್ಲ.

ಆಸ್ಪತ್ರೆಯಲ್ಲಿ ಎಕ್ಸರೇ ತೆಗೆದು, ಮಣಿಕಟ್ಟು ಎರಡು ಕಡೆ ಮುರಿದಿದೆ, ಆಪರೇಷನ್ ಮಾಡಬೇಕು, ಆಮೇಲೆ ಹಿಡಿತ ಎಷ್ಟು ಬರುತ್ತದೋ ನೋಡೋಣ ಎಂದರು. ಅವನು ಇಸ್ತ್ರಿ ಹಿಡಿಯುವುದು ಆ ಕೈಯಲ್ಲೇ. ಗೆಳೆಯರಿಬ್ಬರೂ ಔಷಧಿ ತರಲು ಕೆಳಗೆ ಹೋಗಿದ್ದರು. ನಾನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ.

"ಭಾವ, ಅಲ್ಲಿ ಬಣ್ಣ ತೆಳು ಇತ್ತಲ್ವಾ?" ಎಂದ.

"ಎಲ್ಲಿ?"

"ಕಟ್ಟೆ ಕೆಳಗೆ. ಮೇಲೆ ನಿಂತಾಗ್ಲೇ ಕಾಣಿಸ್ತು."

"ಕಾಣಿಸಿದ್ಮೇಲೆ ಯಾಕೋ ಇಳಿದೆ?"

"ನಿಮ್ಮನ್ನ ನೋಡಿದ್ನಲ್ಲ, ಎರಡು ಸಲ. ನೀವು ನಗ್ತಿದ್ರಿ. ಹಾಳಾಗಿದ್ರೆ ಭಾವ ಇಳಿಯೋಕೆ ಬಿಡ್ತಿದ್ರಾ, ನಾನೇ ತಪ್ಪು ತಿಳ್ಕೊಂಡೆ ಅಂದ್ಕೊಂಡೆ."

ಅದರಲ್ಲಿ ಕೊಂಕಿರಲಿಲ್ಲ. ಒಂದಿಷ್ಟು ಕೊಂಕಿದ್ದರೆ ನಾನು ಸಿಟ್ಟಾಗಿ ಬಚಾವಾಗುತ್ತಿದ್ದೆ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಅವನು ಚಾವಣಿ ನೋಡುತ್ತ ಮಲಗಿದ್ದ.

ಗೆಳೆಯರು ಔಷಧಿ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಅವರ ಹಿಂದೆಯೇ ನರ್ಸ್ ಒಂದು ಫಾರಂ ತಂದಳು.

"ಬಿದ್ದಿದ್ದು ಹೇಗೆ?"

ನಾನು ಬಾಯಿ ತೆರೆದೆ. ಭಾವಮೈದ ಬಾಗಿಲಲ್ಲಿದ್ದ ಇಬ್ಬರನ್ನೂ ನೋಡಿದ, ಆಮೇಲೆ ನನ್ನನ್ನು ನೋಡಿದ.

"ನನ್ನದೇ ತಪ್ಪು ಸಿಸ್ಟರ್," ಎಂದ. "ನನಗೆ ಅಷ್ಟಾಗಿ ಬರಲ್ಲ."

ಅವಳು ಬರೆದುಕೊಂಡು ನನ್ನ ಕಡೆ ತಿರುಗಿದಳು.

"ನೀವು ಜೊತೆಗಿದ್ರಲ್ಲ, ಹಾಗೇ ಆಗಿದ್ದಾ?"

"ಹೌದು," ಎಂದೆ.